ಹಿಸ್ಸೇದಾರರು ಯಾರು, ಹಕ್ಕುದಾರರು ಯಾರು?

ನಮ್ಮ ಭಾಗದ ಭೂದಾಖಲೆಗಳಲ್ಲಿ ಉರ್ದು ಇನ್ನೂ ಜೀವಂತವಾಗಿದೆ. ಸರ್ವೆ ನಂಬರಿನ ಪಕ್ಕದಲ್ಲಿ ಹಿಸ್ಸಾ ನಂಬರು ಇರುತ್ತದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ ಒಬ್ಬೊಬ್ಬರು ಒಂದೊಂದು ಹಿಸ್ಸೆಯ ಮಾಲೀಕರು. ಅದೇ ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 11ನೇ ಕಾಲಂನಲ್ಲಿ ಇತರರ ಹಕ್ಕು ಮತ್ತು ಋಣ. ಬ್ಯಾಂಕಿನ ಸಾಲ ಇದ್ದರೆ ಅದರ ಬೋಜಾ ಅಲ್ಲಿ ಕೂತಿರುತ್ತದೆ. ಹೊಲ ಕೊಳ್ಳಲು ಬಂದವನು ಮೊದಲು ನೋಡುವುದು ಆ ಕಾಲಂ ಅನ್ನೇ. ನಮ್ಮ ರೈತನಿಗೆ ಇಂಗ್ಲಿಷಿನ ‘ಸ್ಟೇಕ್‌ಹೋಲ್ಡರ್’ ಎಂಬ ಪದ ಗೊತ್ತಿಲ್ಲದಿರಬಹುದು, ಅದರ ತಿರುಳು ಚೆನ್ನಾಗಿಯೇ ಗೊತ್ತು. ಆಸ್ತಿ ಒಬ್ಬನದಾದರೂ ಅದರ ಮೇಲೆ ಹಲವರ ಹಕ್ಕಿರುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುಣ್ಣದಕಲ್ಲಿನ ನೆಲದ ಮೇಲೆ ನಿಂತ ಸಿಮೆಂಟ್ ಕಂಪನಿಗಳೂ ಈಗ ಇದೇ ಮಾತನ್ನು ಆಡುತ್ತವೆ. ದೊಡ್ಡ ಕಂಪನಿಗಳ ವಾರ್ಷಿಕ ವರದಿ ತೆರೆದರೆ ಷೇರುದಾರರು, ಸಾಲ ಕೊಟ್ಟವರು, ಗ್ರಾಹಕರು, ನೌಕರರು, ಸರ್ಕಾರ, ಸುತ್ತಲಿನ ಸಮುದಾಯ, ಹೀಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿರುತ್ತಾರೆ. ನಮ್ಮ ಗುರಿ ಇವರೆಲ್ಲರ ಹಿತ ಎಂದು ಕಂಪನಿ ಹೇಳುತ್ತದೆ. ಕಥೆ ಬರೆಯುವವರಿಗೆ ಒಂದು ಅಭ್ಯಾಸವಿದೆ. ಕಥೆಯಲ್ಲಿ ಎಷ್ಟು ಪಾತ್ರಗಳಿವೆ ಎಂದು ನಾವು ಎಣಿಸುವುದಿಲ್ಲ, ಯಾರ ಮಾತಿಗೆ ಕಥೆ ದಾರಿ ಬದಲಿಸುತ್ತದೆ ಎಂದು ನೋಡುತ್ತೇವೆ. ಈ ಸಿಮೆಂಟ್ ಕಥೆಯಲ್ಲೂ ಅದನ್ನೇ ಕೇಳಬೇಕಾಗಿದೆ.

‘ಸ್ಟೇಕ್‌ಹೋಲ್ಡರ್’ ವಿಚಾರವನ್ನು ಉದ್ಯಮದ ಶಾಸ್ತ್ರದಲ್ಲಿ ನೆಲೆಗೊಳಿಸಿದವರು ಅಮೆರಿಕದ ಎಡ್ವರ್ಡ್ ಫ್ರೀಮನ್, 1984ರ ತಮ್ಮ ಪುಸ್ತಕದಲ್ಲಿ. ಅದಕ್ಕೂ ಮೊದಲು, 1970ರಲ್ಲಿ, ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ನಿಯಮಗಳನ್ನು ಮೀರದೆ ಲಾಭ ಹೆಚ್ಚಿಸುವುದೇ ಉದ್ಯಮದ ಸಾಮಾಜಿಕ ಹೊಣೆ ಎಂದು ವಾದಿಸಿದ್ದರು. ಫ್ರೀಮನ್ ಅದನ್ನು ಒಪ್ಪಲಿಲ್ಲ. ಕಂಪನಿಯ ಗುರಿಯ ಮೇಲೆ ಪ್ರಭಾವ ಬೀರಬಲ್ಲವರು, ಆ ಗುರಿ ಈಡೇರುವಾಗ ಅದರ ಪರಿಣಾಮ ಅನುಭವಿಸುವವರು, ಇಬ್ಬರೂ ಲೆಕ್ಕಕ್ಕೆ ಬರಬೇಕು ಎಂದರು. ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಕಲಮೂ ಇದೇ ಕಡೆ ವಾಲಿದೆ. ನಿರ್ದೇಶಕರು ಸದಸ್ಯರ ಲಾಭದ ಜೊತೆಗೆ ನೌಕರರ, ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ನೋಡಬೇಕು ಎಂದು ಅದು ವಿಧಿಸುತ್ತದೆ. ನೋಡಲಿಲ್ಲವೆಂದರೆ ಹಳ್ಳಿಯವರು ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಮಾತ್ರ ಆ ಕಲಮು ಹೇಳುವುದಿಲ್ಲ.

ಫ್ರೀಮನ್ ಮಾತಿನಲ್ಲಿ ಎರಡು ಗುಂಪುಗಳಿವೆ ಎಂಬುದನ್ನು ಗಮನಿಸಬೇಕು. ಪ್ರಭಾವ ಬೀರುವವರು ಒಂದು ಗುಂಪು, ಪರಿಣಾಮ ಅನುಭವಿಸುವವರು ಇನ್ನೊಂದು. ಪುಸ್ತಕದಲ್ಲಿ ಇವೆರಡೂ ಒಂದೇ ವಾಕ್ಯದೊಳಗೆ ಕೂತಿವೆ. ನಮ್ಮ ನೆಲದಲ್ಲಿ ಇವುಗಳ ನಡುವೆ ಸಾವಿರಾರು ಕಿಲೋಮೀಟರು ಅಂತರವಿದೆ.

ಸರ್ಕಾರದ ಮಾತು

ಮೊದಲು ಸರ್ಕಾರವನ್ನು ನೋಡೋಣ. ಈ ಭಾಗದ ಉದ್ಯಮದ ಗುರಿಗಳನ್ನು ಬರೆದ ಮೊದಲ ಕೈ ಅದರದೇ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಹೋಯಿತು. ನೆಲದಲ್ಲಿ ಕಲ್ಲು, ಪಕ್ಕದಲ್ಲಿ ಹಳಿ. ಶಹಾಬಾದಿನ ಫರಸಿ ದೂರದೂರದ ಮನೆಗಳ ನೆಲಹಾಸಾಯಿತು. ಅಲ್ಲೇ ಸಿಮೆಂಟ್ ಕಾರ್ಖಾನೆಯೂ ಬಂತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಕೂಡಿಕೊಂಡಿತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ಕಾರ್ಖಾನೆ ಶುರುವಾಯಿತು.

ಸ್ವಾತಂತ್ರ್ಯದ ನಂತರ ದಶಕಗಳ ಕಾಲ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. ಪರ್ಮಿಟ್ ಇಲ್ಲದೆ ಮನೆ ಕಟ್ಟಲು ಸಿಮೆಂಟ್ ಸಿಗದ ಕಾಲವನ್ನು ಹಿರಿಯರು ಇನ್ನೂ ಮರೆತಿಲ್ಲ. 1982ರಲ್ಲಿ ಸರ್ಕಾರ ಹಿಡಿತವನ್ನು ಅರ್ಧ ಸಡಿಲಿಸಿತು. ಉತ್ಪಾದನೆಯ ಒಂದು ಭಾಗವನ್ನು ನಿಗದಿತ ದರದಲ್ಲಿ ಸರ್ಕಾರಕ್ಕೆ ಕೊಟ್ಟರೆ ಉಳಿದದ್ದನ್ನು ಮುಕ್ತವಾಗಿ ಮಾರಬಹುದಾಯಿತು. 1989ರಲ್ಲಿ ಪೂರ್ತಿ ಬಿಟ್ಟುಕೊಟ್ಟಿತು. ಮಳಖೇಡದ ರಾಜಶ್ರೀ ಸಿಮೆಂಟ್, ಸೇಡಂನ ವಾಸವದತ್ತಾ ಸಿಮೆಂಟ್ ಎರಡೂ ಬಂದದ್ದು 1980ರ ದಶಕದಲ್ಲೇ ಎಂಬುದು ಆಕಸ್ಮಿಕವಲ್ಲ. ರಾಷ್ಟ್ರಕೂಟರ ಮಾನ್ಯಖೇಟದ ಕೆಳಗಿನ ಕಲ್ಲು ಹಿಂದೆಯೂ ಇತ್ತು. ಅದರಿಂದ ಲಾಭ ಮಾಡಬಹುದು ಎಂಬ ಸ್ಥಿತಿಯನ್ನು ತಂದದ್ದು ದಿಲ್ಲಿಯ ಒಂದು ಆದೇಶ. ಮಾರುಕಟ್ಟೆ ತನ್ನಷ್ಟಕ್ಕೆ ತಾನೇ ಬೆಳೆಯಿತು ಎಂದು ಹೇಳುವವರು ಇದನ್ನು ನೆನಪಿಡಬೇಕು.

ಷೇರುದಾರನ ಮಾತು

ಎರಡನೆಯ ಕೈ ಷೇರುದಾರನದು. ವಾಡಿಯ ಕಾರ್ಖಾನೆಯ ಮಾಲೀಕತ್ವ ಎಷ್ಟು ಕೈ ದಾಟಿತು ನೋಡಿ. 1999-2000ರಲ್ಲಿ ಟಾಟಾ ಸಮೂಹ ಎಸಿಸಿಯ ತನ್ನ ಪಾಲನ್ನು ಗುಜರಾತ್ ಅಂಬುಜಾಕ್ಕೆ ಮಾರಿತು. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಬಂತು. 2015ರಲ್ಲಿ ಹೋಲ್ಸಿಮ್ ಫ್ರಾನ್ಸಿನ ಲಫಾರ್ಜ್ ಜೊತೆ ಸೇರಿತು. 2022ರಲ್ಲಿ ಅದಾನಿ ಸಮೂಹ ಕೊಂಡಿತು. ಚಿತ್ತಾಪುರ ತಾಲೂಕಿನ ಇಟಗಾದಲ್ಲಿ 2015ರಲ್ಲಿ ಆರಂಭವಾದ ಓರಿಯಂಟ್ ಸಿಮೆಂಟ್ ಘಟಕ ಸಿ.ಕೆ. ಬಿರ್ಲಾ ಸಮೂಹದ್ದಾಗಿತ್ತು. ಆ ಕಂಪನಿಯನ್ನು ಕೊಳ್ಳುವುದಾಗಿ 2024ರ ಅಕ್ಟೋಬರಿನಲ್ಲಿ ಅದಾನಿಯವರ ಅಂಬುಜಾ ಘೋಷಿಸಿತು, 2025ರ ಏಪ್ರಿಲಿನಲ್ಲಿ ಅದು ಅವರ ಕೈಸೇರಿತು. ಚಿಂಚೋಳಿ ತಾಲೂಕಿನ ಛತ್ರಸಾಲದ ಕಲಬುರ್ಗಿ ಸಿಮೆಂಟ್ ಫ್ರಾನ್ಸಿನ ವಿಕಾಟ್ ಸಮೂಹದ್ದು.

ಸೇಡಂನ ವಾಸವದತ್ತಾ ಕೆಸೋರಾಂ ಕಂಪನಿಯದಾಗಿತ್ತು. ಆ ಕಂಪನಿಯ ಸಿಮೆಂಟ್ ವ್ಯವಹಾರವನ್ನು ಅಲ್ಟ್ರಾಟೆಕ್‌ಗೆ ಸೇರಿಸುವ ಒಪ್ಪಂದ 2023ರ ನವೆಂಬರಿನಲ್ಲಾಯಿತು, 2025ರ ಮಾರ್ಚ್ 1ರಿಂದ ಜಾರಿಗೆ ಬಂತು. ಕೆಸೋರಾಂನ 52 ಷೇರುಗಳಿಗೆ ಅಲ್ಟ್ರಾಟೆಕ್‌ನ 1 ಷೇರು. ಒಂದೊಂದು ಷೇರಿಗೂ ಹೀಗೆ ಕರಾರುವಾಕ್ಕಾದ ಲೆಕ್ಕವಾಯಿತು.

ಇಂಥ ವಿಲೀನಗಳಿಗೆ ಕಂಪನಿ ಕಾಯ್ದೆಯ 230ನೇ ಕಲಮಿನಲ್ಲಿ ವಿಧಾನವಿದೆ. ಷೇರುದಾರರ, ಸಾಲ ಕೊಟ್ಟವರ ಸಭೆ ಕರೆದು ಒಪ್ಪಿಗೆ ಪಡೆಯಬೇಕು. ಕೇಂದ್ರ ಸರ್ಕಾರ, ಆದಾಯ ತೆರಿಗೆ ಇಲಾಖೆ, ರಿಸರ್ವ್ ಬ್ಯಾಂಕ್, ಸೆಬಿ, ಷೇರುಪೇಟೆ, ಸ್ಪರ್ಧಾ ಆಯೋಗ ಮುಂತಾದವರಿಗೆ ನೋಟಿಸು ಕೊಡಬೇಕು. ಪಟ್ಟಿ ಉದ್ದವಾಗಿದೆ. ಆ ಪಟ್ಟಿಯಲ್ಲಿ ಕಾರ್ಖಾನೆಯ ಗೋಡೆಗೆ ಹೊಂದಿಕೊಂಡ ಗ್ರಾಮ ಪಂಚಾಯಿತಿಯ ಹೆಸರಿಲ್ಲ. ಕಾರ್ಮಿಕ ಸಂಘದ ಹೆಸರೂ ಇಲ್ಲ. ಮುಂಬೈಯಲ್ಲಿ ಕೂತ 52 ಷೇರಿನ ಒಡೆಯನಿಗೆ ಮತವಿದೆ, ಐವತ್ತು ವರ್ಷದಿಂದ ಕಾರ್ಖಾನೆಯ ಸೈರನ್ ಕೇಳಿ ಹೊತ್ತು ತಿಳಿಯುತ್ತ ಬಂದ ಊರಿಗೆ ನೋಟಿಸೂ ಇಲ್ಲ. ಕಾನೂನಿನ ಪ್ರಕಾರ ಇದರಲ್ಲಿ ಯಾವ ತಪ್ಪೂ ಇಲ್ಲ. ಪ್ರಶ್ನೆ ಇರುವುದೇ ಕಾನೂನಿನ ಕಲ್ಪನೆಯಲ್ಲಿ.

ಮಾಲೀಕ ಬದಲಾದರೆ ಏನಾಯಿತು, ಕಿಲ್ನ್ ಅದೇ ಅಲ್ಲವೇ ಎಂದು ಕೇಳಬಹುದು. ಕಿಲ್ನ್ ಅದೇ, ಗುರಿ ಅದೇ ಅಲ್ಲ. ಒಂದು ಊರಿನಲ್ಲಿ ಸಿಮೆಂಟ್ ತಯಾರಿಸಿ ಮಾರುವ ಕಂಪನಿಗೆ ಆ ಊರು ಮುಖ್ಯ. ದೇಶದಲ್ಲಿ ಒಟ್ಟು ಎಷ್ಟು ಕೋಟಿ ಟನ್ ಸಾಮರ್ಥ್ಯ ಎಂಬ ಪೈಪೋಟಿಗೆ ಇಳಿದ ಸಮೂಹಕ್ಕೆ ಸೇಡಂ, ವಾಡಿ, ಚಿತ್ತಾಪುರಗಳು ‘ದಕ್ಷಿಣದ ಸಾಮರ್ಥ್ಯ’ ಎಂಬ ಒಂದು ಅಂಕಿಯೊಳಗಿನ ಬಿಡಿ ಅಂಕಿಗಳು. ಎಲ್ಲಿ ಹೆಚ್ಚು ಉರಿಸಬೇಕು, ಎಲ್ಲಿ ಕಡಿಮೆ ಎಂಬ ತೀರ್ಮಾನ ಆ ಒಟ್ಟು ಲೆಕ್ಕದಿಂದ ಬರುತ್ತದೆ.

ಕೊಳ್ಳುವವನ ಮಾತು

ಗ್ರಾಹಕನ ಪ್ರಭಾವಕ್ಕೂ ಒಂದು ಒಳ್ಳೆಯ ಉದಾಹರಣೆಯಿದೆ. ಸಿಮೆಂಟ್ ಕಂಪನಿಗಳು ಒಳಗೊಳಗೇ ಹೊಂದಿಕೊಂಡು ಬೆಲೆ ಏರಿಸುತ್ತಿವೆ ಎಂದು ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ದೂರು ಕೊಟ್ಟಿತು. 2012ರ ಜೂನಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಎಸಿಸಿ, ಅಂಬುಜಾ, ಅಲ್ಟ್ರಾಟೆಕ್ ಸೇರಿದಂತೆ ಕಂಪನಿಗಳಿಗೆ ಒಟ್ಟು 6 ಸಾವಿರ ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ಆದೇಶ ಹಿಂದಕ್ಕೆ ಬಂದು, 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ದಂಡ ವಸೂಲಾಗುವುದು ಬೇರೆ ಮಾತು. ದೂರು ಕೊಟ್ಟವರು ಯಾರು ಎಂಬುದನ್ನು ನೋಡಬೇಕು. ಅವರು ಸಂಘಟಿತರಾದ ದೊಡ್ಡ ಗುತ್ತಿಗೆದಾರರು. ಎರಡು ಕೋಣೆಯ ಮನೆ ಕಟ್ಟಲು ಇಪ್ಪತ್ತು ಚೀಲ ಸಿಮೆಂಟ್ ತರುವ ಮನುಷ್ಯನೂ ಗ್ರಾಹಕನೇ. ಅವನು ಅಂಗಡಿಯವನ ಹತ್ತಿರ ಗೊಣಗಿ ದುಡ್ಡು ಕೊಟ್ಟು ಬರುತ್ತಾನೆ.

ದುಡಿಯುವವನ ಮಾತು

ಕಾರ್ಮಿಕರದು ಎರಡು ಲೋಕ. ಸಿಮೆಂಟ್ ಉದ್ಯಮದಲ್ಲಿ ತಯಾರಕರ ಸಂಘ ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ರಾಷ್ಟ್ರಮಟ್ಟದ ವೇತನ ಒಪ್ಪಂದಗಳು ಆಗುತ್ತ ಬಂದಿವೆ. ಕಾಯಂ ನೌಕರನ ಸಂಬಳ, ಕ್ವಾರ್ಟರ್ಸು, ಮಕ್ಕಳ ಶಾಲೆ ಇವೆಲ್ಲ ಬಂದದ್ದು ಕಂಪನಿಯ ಕರುಣೆಯಿಂದಲ್ಲ, ಸಂಘಟನೆಯ ಬಲದಿಂದ. ಸಂಘಟನೆ ಗಟ್ಟಿಯಿದ್ದಾಗ ಕಾರ್ಮಿಕನ ಹಿತ ಕಂಪನಿಯ ಗುರಿಯೊಳಗೆ ಸೇರಿತ್ತು. ಕಾಲ ಬದಲಾಯಿತು. 2001ರಲ್ಲಿ ವಾಡಿಯಲ್ಲಿ ಬಂದ ಹೊಸ ಘಟಕದ ಸಾಮರ್ಥ್ಯವೇ ವರ್ಷಕ್ಕೆ 26 ಲಕ್ಷ ಟನ್. ಇಷ್ಟು ದೊಡ್ಡ ಯಂತ್ರಕ್ಕೆ ಹಳೆಯ ಕಾರ್ಖಾನೆಗಳಷ್ಟು ಕೈಗಳು ಬೇಕಿಲ್ಲ. ಬೇಕಾದ ಕೈಗಳಲ್ಲೂ ಹಲವು ಗುತ್ತಿಗೆಯವು. ಚೀಲ ತುಂಬುವ, ಲಾರಿಗೆ ಹೇರುವ, ಬಿದ್ದ ಪುಡಿ ಗುಡಿಸುವ ಗುತ್ತಿಗೆ ಕಾರ್ಮಿಕನಿಗೆ ಮಾಲೀಕ ಯಾರು ಎಂದು ಕೇಳಿದರೆ ಅವನು ಗುತ್ತಿಗೆದಾರನ ಹೆಸರು ಹೇಳುತ್ತಾನೆ. ಕಂಪನಿಯ ಗುರಿಯನ್ನು ಬದಲಿಸುವ ಮಾತು ಹಾಗಿರಲಿ, ಕಂಪನಿಗೂ ಅವನಿಗೂ ನೇರ ಸಂಬಂಧವೇ ಕಾಗದದ ಮೇಲಿಲ್ಲ.

ಸ್ಥಳೀಯರಿಗೆ ನೌಕರಿ ಎಂಬ ಬೇಡಿಕೆಯ ಕಥೆಯೂ ಹೀಗೆಯೇ. ಭೂಮಿ ಕೊಟ್ಟ ಮನೆಗೊಂದು ನೌಕರಿ ಎಂಬುದು ಈ ತಾಲೂಕುಗಳ ಹಳೆಯ ಕೂಗು. 2012ರ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಅದು ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ, ಶಿಕ್ಷಣದಲ್ಲಿ ಮೀಸಲು ಕೊಟ್ಟಿತು, ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಬರಲಿಲ್ಲ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಂದು ಮಸೂದೆಯನ್ನು ಒಪ್ಪಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬುದು ಅದರ ಸಾರ. ಬೆಂಗಳೂರಿನ ಉದ್ಯಮಿಗಳು, ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ ತೀವ್ರವಾಗಿ ವಿರೋಧಿಸಿದರು, ಕಂಪನಿಗಳು ರಾಜ್ಯ ಬಿಟ್ಟು ಹೋಗಬಹುದು ಎಂಬ ಎಚ್ಚರಿಕೆ ಬಂತು. ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಆ ಮಸೂದೆ ಸರಿಯಿತ್ತೋ ತಪ್ಪಿತ್ತೋ ಎಂಬ ಚರ್ಚೆಗೆ ಎರಡೂ ಕಡೆ ವಾದಗಳಿವೆ. ಸೇಡಂ, ಚಿಂಚೋಳಿಗಳ ಐಟಿಐ ಓದಿದ ಹುಡುಗರ ವಾದವನ್ನು ಆ ಎರಡು ದಿನಗಳಲ್ಲಿ ಯಾರು ಕೇಳಿದರು?

ಇಲ್ಲಿಗೆ ಒಂದು ಸೂತ್ರ ಕಾಣತೊಡಗುತ್ತದೆ. ಬಿಟ್ಟು ಹೋಗಬಲ್ಲವನ ಮಾತಿಗೆ ಉದ್ಯಮ ಕಿವಿಗೊಡುತ್ತದೆ. ಷೇರುದಾರ ಷೇರು ಮಾರಿ ಹೋಗಬಲ್ಲ, ಬ್ಯಾಂಕು ಸಾಲ ನಿಲ್ಲಿಸಬಲ್ಲದು, ದೊಡ್ಡ ಗ್ರಾಹಕ ಬೇರೆ ಬ್ರಾಂಡ್ ಹಿಡಿಯಬಲ್ಲ, ಸರ್ಕಾರ ಲೈಸೆನ್ಸು ತಡೆಯಬಲ್ಲದು. ಊರು ಎಲ್ಲಿಗೆ ಹೋದೀತು? ಕಾಗಿಣಾ ನದಿ ಎಲ್ಲಿಗೆ ಹೋದೀತು? ಧೂಳು ಕೂತ ತೊಗರಿ ಹೊಲವನ್ನು ಹೆಗಲ ಮೇಲೆ ಹೊತ್ತುಕೊಂಡು ಯಾರೂ ಬೇರೆ ಜಿಲ್ಲೆಗೆ ಹೋಗಲಾರರು. 1997ರಲ್ಲಿ ಮಿಚೆಲ್, ಆಗಲ್, ವುಡ್ ಎಂಬ ಮೂವರು ವಿದ್ವಾಂಸರು ಹಿತಸಂಬಂಧಿಗಳನ್ನು ಮೂರು ಗುಣಗಳಿಂದ ಅಳೆಯಬಹುದು ಎಂದರು: ಬಲ, ನ್ಯಾಯಬದ್ಧತೆ, ತುರ್ತು. ನಮ್ಮ ಹಳ್ಳಿಯ ಬೇಡಿಕೆಯಲ್ಲಿ ನ್ಯಾಯವೂ ಇದೆ, ತುರ್ತೂ ಇದೆ. ಮೊದಲನೆಯದು ಮಾತ್ರ ಇಲ್ಲ.

ಊರಿನ ಪಾಲಿನ ಲೆಕ್ಕ

ಊರಿಗೆ ಏನೂ ಸಿಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಆ ವರ್ಷದ ಜನವರಿ 12ಕ್ಕಿಂತ ಮೊದಲಿನ ಗಣಿಗಳು ರಾಜಧನದ ಶೇ. 30ರಷ್ಟನ್ನು, ನಂತರ ಹರಾಜಿನಲ್ಲಿ ಪಡೆದವು ಶೇ. 10ರಷ್ಟನ್ನು ಈ ನಿಧಿಗೆ ಕೊಡಬೇಕು. ಹರಾಜಿನವರು ರಾಜ್ಯಕ್ಕೆ ಬೇರೆ ಮೊತ್ತ ಕೊಡುತ್ತಾರೆ ಎಂಬುದು ನಿಜ. 2014ರಲ್ಲಿ ನಿಗದಿಯಾದ ದರದಂತೆ ಸಾಮಾನ್ಯ ಸುಣ್ಣದಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. ಅದರ ಶೇ. 30 ಎಂದರೆ 24 ರೂಪಾಯಿ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು ಎಂದಿಟ್ಟುಕೊಳ್ಳಿ, 36 ರೂಪಾಯಿ ಆಯಿತು. ಟನ್ನಿಗೆ 50 ಕಿಲೋದ 20 ಚೀಲ. ಅಂದರೆ ಚೀಲವೊಂದಕ್ಕೆ ಎರಡು ರೂಪಾಯಿಗೂ ಕಡಿಮೆ. ಗಣಿಯಿಂದ ಬಾಧಿತರಾದ ಎಲ್ಲ ಊರುಗಳ ನೀರು, ಆಸ್ಪತ್ರೆ, ಶಾಲೆಗಾಗಿ ಈ ನಿಧಿಗೆ ಬರುವ ಪಾಲು ಇಷ್ಟು. ಟನ್ನುಗಳ ಸಂಖ್ಯೆ ದೊಡ್ಡದಿರುವುದರಿಂದ ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತದೆ. ಆ ಹಣ ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನವೂ ಜಿಲ್ಲಾಡಳಿತದ ಮೇಜಿನ ಮೇಲೆಯೇ ಆಗುತ್ತದೆ.

ಇನ್ನೊಂದು, ಕಂಪನಿ ಕಾಯ್ದೆಯ 135ನೇ ಕಲಮಿನ ಸಿಎಸ್‌ಆರ್. ಮಿತಿಗೆ ಒಳಪಡುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಕಾರ್ಖಾನೆ ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಶಾಲೆಗೆ ಕೋಣೆ, ಊರಿಗೆ ಶುದ್ಧ ನೀರಿನ ಘಟಕ, ಕಣ್ಣಿನ ತಪಾಸಣಾ ಶಿಬಿರ ಇವೆಲ್ಲ ಬೇಕಾದವೇ. ಆದರೆ ಇವು ಲಾಭ ಬಂದ ಮೇಲಿನ ಕೊಡುಗೆಗಳು. ಲಾಭ ಬರುವ ವಿಧಾನದಲ್ಲಿ ಊರಿನ ಮಾತು ಎಷ್ಟು ಎಂಬುದಕ್ಕೆ ಸಿಎಸ್‌ಆರ್ ಉತ್ತರ ಕೊಡುವುದಿಲ್ಲ. ಖೈರಾತು ಕೊಡುವವನು ಕೈ ಮೇಲಿಟ್ಟು ಕೊಡುತ್ತಾನೆ. ಹಕ್ಕು ಕೇಳುವವನಿಗೆ ಬೇಕಾದದ್ದು ಲೆಕ್ಕ.

ಈಗ ಕಂಪನಿಗಳೇ ತುಂಬುವ ಒಂದು ನಮೂನೆಯನ್ನು ಓದೋಣ. ಷೇರುಪೇಟೆಯಲ್ಲಿರುವ ದೊಡ್ಡ 1000 ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ಸುಸ್ಥಿರತೆಯ ವರದಿ ಕೊಡುವುದು ಕಡ್ಡಾಯವಾಗಿದೆ. ಅದರಲ್ಲಿ ಹಿತಸಂಬಂಧಿಗಳ ಕೋಷ್ಟಕವಿದೆ. ಪ್ರತಿ ಗುಂಪಿನ ಮುಂದೆ ‘ದುರ್ಬಲ, ಅಂಚಿಗೆ ತಳ್ಳಲ್ಪಟ್ಟ ಗುಂಪೇ? ಹೌದು/ಇಲ್ಲ’ ಎಂಬ ಅಂಕಣ. ಅವರೊಡನೆ ಹೇಗೆ ಮಾತಾಡುತ್ತೀರಿ, ಎಷ್ಟು ಸಲ ಮಾತಾಡುತ್ತೀರಿ ಎಂಬ ಅಂಕಣಗಳೂ ಇವೆ. ಇನ್ನೊಂದು ಕಡೆ ಸಮುದಾಯದಿಂದ ವರ್ಷದಲ್ಲಿ ಎಷ್ಟು ದೂರು ಬಂದವು, ಎಷ್ಟು ಬಾಕಿ ಇವೆ ಎಂದು ತುಂಬಬೇಕು. ನಮೂನೆ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಊರು ಇಲ್ಲಿ ಮಾತಾಡುತ್ತಿಲ್ಲ, ಊರಿನ ಪರವಾಗಿ ಕಂಪನಿ ಮಾತಾಡುತ್ತಿದೆ. ದೂರು ಯಾವುದು, ಬರೀ ಗೊಣಗಾಟ ಯಾವುದು ಎಂದು ಮೊದಲು ತೂಗುವವರೂ ಕಂಪನಿಯವರೇ. ವರದಿ ಇಂಗ್ಲಿಷಿನಲ್ಲಿ. ಕನ್ನಡವೋ ಉರ್ದುವೋ ತೆಲುಗೋ ಲಂಬಾಣಿಯೋ ಆಡುವ ಚಿಂಚೋಳಿ, ಸೇಡಂನವರು ತಮ್ಮ ಬಗ್ಗೆ ಬರೆದದ್ದನ್ನು ತಾವೇ ಓದಲಾರರು. ಷೇರುಪೇಟೆಯಲ್ಲಿ ಇಲ್ಲದ ಕಂಪನಿಗೆ ಈ ನಮೂನೆಯ ಕಡ್ಡಾಯವೂ ಇಲ್ಲ.

ಹೀಗೆಂದು ಎಲ್ಲವೂ ನಾಟಕ ಎಂದು ಕೈಚೆಲ್ಲುವುದು ತಪ್ಪು. ಧೂಳಿನ ಉದಾಹರಣೆಯನ್ನೇ ನೋಡಿ. ಚಿಮಣಿಯ ಧೂಳು ಹಿಡಿಯುವ ಯಂತ್ರಗಳು ಲಾಭ ತರುವುದಿಲ್ಲ, ಖರ್ಚು ತರುತ್ತವೆ. ಆದರೂ ಬಂದವು. 2014ರಲ್ಲಿ ಕೇಂದ್ರ ಸರ್ಕಾರ ಸಿಮೆಂಟ್ ಕಾರ್ಖಾನೆಗಳ ಧೂಳಿನ ಮಿತಿಯನ್ನು ಬಿಗಿ ಮಾಡಿತು. ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಚಿಮಣಿಗೆ ಸತತ ಅಳತೆಯ ಉಪಕರಣ ಕೂರಿಸಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತು, ಸಿಮೆಂಟ್ ಅದರಲ್ಲಿ ಒಂದು. ಊರಿನ ಸಂಕಟ ನಿಯಮವಾಗಿ, ನಿಯಮ ಅಳತೆಯಾಗಿ ಬಂದಾಗ ಕಂಪನಿಯ ಗುರಿ ಬದಲಾಗುತ್ತದೆ. ಮನವಿಪತ್ರದಲ್ಲಿ ಇದ್ದಾಗ ಬದಲಾಗುವುದಿಲ್ಲ.

ಲಾಭ ಬೇಡವೇ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಬೇಕು. ಲಾಭವಿಲ್ಲದ ಉದ್ಯಮ ಊರಿಗೆ ಏನು ಮಾಡುತ್ತದೆ ಎಂಬುದನ್ನು ಶಹಾಬಾದಿಗಿಂತ ಚೆನ್ನಾಗಿ ಬಲ್ಲ ಊರಿಲ್ಲ. ಅಲ್ಲಿನ ಹಳೆಯ ಸಿಮೆಂಟ್ ಕಾರ್ಖಾನೆ ಎಸಿಸಿಯ ಕೈಯಿಂದ ಎಚ್‌ಎಂಪಿ ಕಂಪನಿಗೆ ಹೋಯಿತು, ಕೊನೆಗೆ ನಿಂತುಹೋಯಿತು. ಎಸಿಸಿ ಹುಟ್ಟುಹಾಕಿದ ಬಾಯ್ಲರ್ ಕಾರ್ಖಾನೆಯೂ ಎಬಿಬಿ, ಆಲ್‌ಸ್ಟಾಮ್, ಜಿಇ ಎಂದು ಹೆಸರು ಬದಲಿಸುತ್ತ ಹೋಯಿತು. ಒಂದು ಕಾಲಕ್ಕೆ ಸಂಬಳದ ದಿನ ತುಂಬಿ ತುಳುಕುತ್ತಿದ್ದ ಪೇಟೆ ಅದು. ಕಂಪನಿ ಸೋತಾಗ ಷೇರುದಾರ ನಷ್ಟ ಬರೆದುಕೊಂಡು ಮುಂದೆ ಹೋದ. ಬಾಡಿಗೆ ಮನೆ ಕಟ್ಟಿಸಿದವ, ಕಿರಾಣಿ ಅಂಗಡಿಯಲ್ಲಿ ಉದ್ರಿ ಕೊಟ್ಟವ, ಟಾಂಗಾ ಹೊಡೆಯುತ್ತಿದ್ದವ ಯಾವ ಪಟ್ಟಿಯಲ್ಲೂ ಇರಲಿಲ್ಲ. ಗೆದ್ದಾಗ ಪಾಲಿಲ್ಲದವರಿಗೆ ಸೋತಾಗ ಪಾಲು ಬಂತು.

ಆದ್ದರಿಂದ ಕೇಳಬೇಕಾದದ್ದು ಉದಾರತೆಯನ್ನಲ್ಲ, ದಾಖಲೆಯನ್ನು. ಗಣಿ ಮತ್ತು ಕಾರ್ಖಾನೆಯ ವರದಿಯ ಊರಿಗೆ ಸಂಬಂಧಿಸಿದ ಭಾಗ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ವರ್ಷಕ್ಕೊಮ್ಮೆ ಓದಲ್ಪಡಲಿ. ಸಮುದಾಯದ ದೂರುಗಳ ಸಂಖ್ಯೆಗೆ ಪಂಚಾಯಿತಿಯ ಸಹಿಯೂ ಬೀಳಲಿ. ಖನಿಜ ನಿಧಿಯಿಂದ ಯಾವ ಊರಿಗೆ ಎಷ್ಟು ಬಂತು ಎಂಬುದು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲ್ಪಡಲಿ. ಕಂಪನಿ ಕೈ ಬದಲಾಗುವಾಗ ನೋಟಿಸಿನ ಪಟ್ಟಿಗೆ ಕಾರ್ಮಿಕ ಸಂಘ, ಸ್ಥಳೀಯ ಸಂಸ್ಥೆಗಳ ಹೆಸರು ಸೇರಲಿ. ಇವುಗಳಲ್ಲಿ ಒಂದೂ ಕಿಲ್ನ್ ನಿಲ್ಲಿಸುವ ಬೇಡಿಕೆಯಲ್ಲ.

ಸುಣ್ಣದಕಲ್ಲು ಮತ್ತೆ ಬೆಳೆಯುವ ಪೀಕಲ್ಲ. ಒಂದು ದಿನ ಅದು ಮುಗಿಯುತ್ತದೆ, ಬಿಟ್ಟು ಹೋಗಬಲ್ಲವರು ಹೋಗುತ್ತಾರೆ, ನೀರು ತುಂಬಿದ ಗುಂಡಿಗಳೂ ನಮ್ಮ ಮಕ್ಕಳೂ ಇಲ್ಲೇ ಇರುತ್ತಾರೆ. ಹತ್ತು ಗುಂಟೆ ಹೊಲದ ಪಹಣಿಗೂ 11ನೇ ಕಾಲಂ ಬೇಕು ಎಂದು ತಿಳಿದ ಈ ನಾಡು, ಸಾವಿರಾರು ಎಕರೆ ನೆಲ ಅಗೆಯುವವರ ದಾಖಲೆಯಲ್ಲಿ ಅಂಥ ಒಂದು ಕಾಲಂ ಕೇಳುವುದು ಅತಿಯಾಸೆಯಲ್ಲ.